ಅಳಿಯಕಟ್ಟೋ, ಮಕ್ಕಳಕಟ್ಟೋ? ಕುಟುಂಬದ ಆಸ್ತಿಗೆ ಯಾವ ಕಾನೂನು ಎಂದು ಪತ್ತೆ ಮಾಡುವ ಕ್ರಮ

ನನ್ನ ಆಫೀಸಿಗೆ ಬರುವವರು ಕುರ್ಚಿ ಎಳೆದು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಮೇಡಂ, ನನಗೆ ಪಾಲು ಉಂಟಾ ಇಲ್ಲವಾ?" ಉಡುಪಿಯಲ್ಲಿ 26 ವರ್ಷದಿಂದ ಸಿವಿಲ್ ವಕೀಲಿಕೆ ಮಾಡುತ್ತಿದ್ದೇನೆ. ಈ ಪ್ರಶ್ನೆಗೆ ಒಮ್ಮೆಯೂ ಆ ಕ್ಷಣಕ್ಕೆ ಉತ್ತರ ಕೊಟ್ಟವಳಲ್ಲ. ಕೊಟ್ಟವರು ಇದ್ದಾರೆ. ಅವರ ಕಕ್ಷಿದಾರರೂ ಆಮೇಲೆ ನನ್ನ ಹತ್ತಿರವೇ ಬಂದಿದ್ದಾರೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಒಂದೇ ಬೈಲಿನ ನಾಲ್ಕು ಮನೆಗಳಿಗೆ ನಾಲ್ಕು ವಾರಸಾ ಕಾನೂನು ಇರಬಹುದು. ಬಂಟರ ಮನೆಗೆ ಅಳಿಯಕಟ್ಟು (ತಾಯಿಯ ಕಡೆಯಿಂದ ಸಾಗುವ ವಾರಸಿಕೆ; ಇಲ್ಲಿ ಅಳಿಯ ಎಂದರೆ ಸೋದರಿಯ ಮಗ, ಕಾನೂನಿನಲ್ಲಿ ಇದರ ಹೆಸರು ಅಳಿಯಸಂತಾನ), ಭಟ್ಟರ ಮನೆಗೆ ಮಕ್ಕಳಕಟ್ಟು (ತಂದೆಯಿಂದ ಮಕ್ಕಳಿಗೆ), ಕ್ರೈಸ್ತ ಪೊರ್ಬುಗಳ ಮನೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಾದ ಬ್ಯಾರಿಗಳ ಮನೆಗೆ ಶರಿಯತ್. ನಾಲ್ವರ ಗದ್ದೆಗೂ ನೀರು ಹರಿಯುವುದು ಒಂದೇ ತೋಡಿನಿಂದ. ಇದು ಹೀಗೇಕೆ ಆಯಿತು ಎಂಬ ಚರಿತ್ರೆ ಗೊತ್ತಿಲ್ಲದೆ ಪಾಲಿನ ಲೆಕ್ಕ ಹಾಕಲು ಬರುವುದಿಲ್ಲ. ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ನೀವೇ ಮನೆಯಲ್ಲಿ ಕೂತು ಮಾಡಿಕೊಳ್ಳಬಹುದಾದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನೀವೇ ದಾವೆ ಹಾಕಲು ಹೊರಡಬೇಡಿ ಮಾರಾಯ್ರೆ. ನಿಮ್ಮ ವಕೀಲರ ಅರ್ಧ ಸಮಯ ಉಳಿದರೆ ಸಾಕು.

ಮೊದಲ ಕೆಲಸ: ಒಂದು ದೊಡ್ಡ ಹಾಳೆ ತೆಗೆದುಕೊಂಡು ತಲೆಯ ಮೇಲೆ ಹೆಸರು ಬರೆಯಿರಿ. ಯಾರ ಹೆಸರು? ಇಲ್ಲಿಯೇ ಹತ್ತರಲ್ಲಿ ಎಂಟು ಜನ ತಪ್ಪುತ್ತಾರೆ. ನಾಡಕಚೇರಿಯಿಂದ ತರುವ ವಂಶವೃಕ್ಷದಲ್ಲಿ ಸಾಮಾನ್ಯವಾಗಿ ಮೇಲೆ ಇರುವುದು ಒಬ್ಬ ಗಂಡಸು, ಕೆಳಗೆ ಹೆಂಡತಿ, ಮಕ್ಕಳು. ಮಕ್ಕಳಕಟ್ಟಿನವರಿಗೆ ಅದು ಸರಿ. ಅಳಿಯಕಟ್ಟಿನ ಮನೆಗೆ ಬುಡದಲ್ಲಿ ಹೆಂಗಸೇ ಬೇಕು, ನೆನಪಿಗೆ ಎಟುಕುವಷ್ಟು ಹಿಂದಿನ ಅಜ್ಜಿ. ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಆ ಹೆಣ್ಣುಮಕ್ಕಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ. ಗಂಡುಮಕ್ಕಳ ಹೆಸರು ಬರುತ್ತದೆ, ಅಲ್ಲಿಗೆ ಗೆರೆ ನಿಲ್ಲುತ್ತದೆ. ಅವರ ಮಕ್ಕಳು ಅವರ ಹೆಂಡತಿಯ ಕುಟುಂಬದವರು, ಆ ಮಕ್ಕಳ ಬಳಿಯೇ (ತಾಯಿಯಿಂದ ಬರುವ ಕುಲದ ಹೆಸರು) ಬೇರೆ.

ನಾನೂ ಹೀಗೆ ತಪ್ಪಿದವಳೇ. ವಕೀಲಿಕೆ ಶುರು ಮಾಡಿದ ಎರಡನೇ ವರ್ಷ ಒಂದು ಪಾಲಿನ ದಾವೆಗೆ ಅಜ್ಜನಿಂದ ಶುರುವಾಗುವ ವಂಶಾವಳಿ ಲಗತ್ತಿಸಿದ್ದೆ. ನ್ಯಾಯಾಧೀಶರು ಹಾಳೆ ತಿರುವಿ, ಕನ್ನಡಕದ ಮೇಲಿನಿಂದ ನೋಡಿ, "ಅಮ್ಮಾ, ಇದು ಅಳಿಯಕಟ್ಟಾ ಮಕ್ಕಳಕಟ್ಟಾ?" ಎಂದರು. ನಾನು ಹುಟ್ಟಿದ್ದೇ ಅಳಿಯಕಟ್ಟಿನ ಮನೆಯಲ್ಲಿ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ಈ ಕಟ್ಟು ಎಲ್ಲಿಂದ ಬಂತು ಎಂದರೆ ನಮ್ಮವರು ಭೂತಾಳ ಪಾಂಡ್ಯನ ಕತೆ ಹೇಳುತ್ತಾರೆ. ಭೂತ ಬಲಿಗಾಗಿ ಮಗನನ್ನು ಕೇಳಿತು, ರಾಣಿ ಒಪ್ಪಲಿಲ್ಲ, ರಾಜನ ತಂಗಿ ತನ್ನ ಮಗನನ್ನು ಕೊಟ್ಟಳು, ಆದ್ದರಿಂದ ಆಸ್ತಿ ಅಳಿಯನಿಗೆ. ಕತೆ ಕತೆಯೇ. ಆದರೆ ಕಟ್ಟು ಜಾತಿ, ಮತವನ್ನು ಮೀರಿ ಹಬ್ಬಿದ್ದು ನಿಜ. ಬಂಟರು, ಬಿಲ್ಲವರು, ಮೊಗವೀರರು ಮಾತ್ರವಲ್ಲ, ಮೂಡುಬಿದಿರೆಯ ಚೌಟರಂಥ ಜೈನ ಅರಸು ಮನೆತನಗಳೂ ಅಳಿಯಕಟ್ಟಿನವೇ. ಉಳ್ಳಾಲದ ಅಬ್ಬಕ್ಕ ಪಟ್ಟಕ್ಕೆ ಬಂದದ್ದು ಸೋದರಮಾವನಿಂದ. ಗಡಿಯಾಚೆ ಮಲಬಾರಿನಲ್ಲಿ ಮಾಪಿಳ್ಳೆ ಮುಸ್ಲಿಮರಲ್ಲೂ ತಾಯಿಯ ಕಡೆಯ ಕಟ್ಟು ಇತ್ತು. ಮದರಾಸು ಸರಕಾರ 1939ರಲ್ಲಿ ಅವರಿಗೇ ಒಂದು ಮರುಮಕ್ಕತ್ತಾಯಂ ಕಾಯ್ದೆ ಮಾಡಬೇಕಾಯಿತು. ಆದುದರಿಂದ "ನಾವು ಜೈನರು, ನಮಗೆ ಅಳಿಯಸಂತಾನ ಬರುವುದಿಲ್ಲ" ಎಂದು ಮೊದಲೇ ಷರಾ ಬರೆದುಬಿಡಬೇಡಿ. ಧರ್ಮ ಒಂದು ಸುಳಿವು ಅಷ್ಟೆ. ಹಳೆಯ ದಸ್ತಾವೇಜಿನಲ್ಲಿ "ಅಳಿಯಕಟ್ಟಿನ" ಎಂಬ ಮಾತು ಎಲ್ಲಾದರೂ ಉಂಟೋ ಹುಡುಕಿ. ಸಾಮಾನ್ಯವಾಗಿ ಮೊದಲ ಪುಟದಲ್ಲೇ, ಹೆಸರಿನ ಹಿಂದೆ ಮುಂದೆ ಇರುತ್ತದೆ.

ಎರಡನೆಯದು: ಜಾಗ ಎಲ್ಲಿ ಉಂಟು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಎಂದು ಕರೆಯುತ್ತಿದ್ದ ನಮ್ಮ ಕರಾವಳಿ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. ಉತ್ತರದ ಭಾಗವನ್ನು 1862ರಲ್ಲಿ ಬೊಂಬಾಯಿಗೆ ಕೊಟ್ಟರು, ದಕ್ಷಿಣದ ಭಾಗ ಮದರಾಸಿನಲ್ಲಿ ಉಳಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ರಾಜ್ಯ ಬದಲಾಯಿತೇ ಹೊರತು ಮದರಾಸಿನ ಕಾಯ್ದೆಗಳು ನಮ್ಮ ಜೊತೆಯೇ ಬಂದವು. ಪುನರ್ವಿಂಗಡಣೆಯ ಕಾನೂನೇ ಹಾಗೆ ಹೇಳಿತ್ತು: ಬದಲಿಸುವವರೆಗೆ ಆಯಾ ಪ್ರದೇಶದ ಹಳೆಯ ಕಾಯ್ದೆ ಅಲ್ಲೇ ನಡೆಯಲಿ. ಅದಕ್ಕೂ ಮೊದಲು ಸಂವಿಧಾನದ 372ನೇ ವಿಧಿ ಬ್ರಿಟಿಷರ ಕಾಲದ ಕಾನೂನುಗಳಿಗೆ ಇದೇ ಮಾತು ಹೇಳಿತ್ತು. ಬೆಂಗಳೂರಿನ ವಕೀಲರೊಬ್ಬರು ಒಮ್ಮೆ ನನ್ನ ಫೈಲು ನೋಡಿ "ಮದರಾಸು ಕಾಯ್ದೆ ಕರ್ನಾಟಕದಲ್ಲಿ ಹೇಗೆ?" ಎಂದು ನಕ್ಕಿದ್ದರು. ಹೀಗೆಯೇ.

ತಲಪಾಡಿ ಗಡಿಯ ಆಚೆ, ಕೇರಳದಲ್ಲಿ, ಜಾಗ ಇದ್ದರೆ ಬೇರೆ ಹಾಳೆ ತೆಗೆಯಿರಿ. ಕೇರಳ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ಎಂಬುದನ್ನೇ ರದ್ದು ಮಾಡಿತು, ಅಳಿಯಸಂತಾನವೂ ಅದರಲ್ಲಿ ಹೋಯಿತು. ಆ ದಿನ ಯಾರು ಯಾರು ಇದ್ದರೋ ಅವರಿಗೆ ತಲೆಗೊಂದು ಪಾಲು ಎಂದು ಲೆಕ್ಕ. ಮಂಜೇಶ್ವರದ ಅಕ್ಕನಿಗೂ ಸೋಮೇಶ್ವರದ ತಂಗಿಗೂ ಒಂದೇ ದೈವ, ಒಂದೇ ಬಳಿ. ಆದರೆ ಗಡಿಯಾಚೆಯ ಗದ್ದೆಗೆ ಒಂದು ಲೆಕ್ಕ, ಈಚೆಯ ತೋಟಕ್ಕೆ ಇನ್ನೊಂದು.

ಮೂರನೆಯದೇ ನಿಜವಾದ ಕೆಲಸ. ಹಾಳೆಯಲ್ಲಿ ಪ್ರತಿ ಹೆಸರಿನ ಕೆಳಗೂ ತೀರಿಕೊಂಡ ತಾರೀಕು ಬರೆಯಿರಿ. ಜನ ಜಾತಿ ಹೇಳುತ್ತಾರೆ, ಸರ್ವೆ ನಂಬರ್ ಹೇಳುತ್ತಾರೆ, ಮಾರ್ಕೆಟ್ ರೇಟಂತೂ ಕೇಳದಿದ್ದರೂ ಹೇಳುತ್ತಾರೆ. ತಾರೀಕು ಕೇಳಿದರೆ ಮುಖ ಮುಖ ನೋಡುತ್ತಾರೆ. ವಾರಸಾ ಕಾನೂನು ಒಂದೊಂದು ಸಾವಿಗೂ ಬೇರೆ ಬೇರೆ ಅನ್ವಯವಾಗುವುದು. ಅಜ್ಜಿ ತೀರಿಕೊಂಡ ದಿನದ ಕಾನೂನು ಅಜ್ಜಿಗೆ, ಮಾವ ತೀರಿಕೊಂಡ ದಿನದ್ದು ಮಾವನಿಗೆ. ಮರಣ ಪ್ರಮಾಣಪತ್ರ ಇಲ್ಲದಿದ್ದರೆ ಬೊಜ್ಜದ ಕಾಗದ ಹುಡುಕಿ. ಉತ್ತರಕ್ರಿಯೆಗೆ ಕರೆದು ಅಚ್ಚು ಹಾಕಿಸಿದ ಆ ಕಾಗದವನ್ನು ಯಾರಾದರೂ ಒಬ್ಬರು ಟ್ರಂಕಿನ ಅಡಿಯಲ್ಲಿ ಇಟ್ಟೇ ಇರುತ್ತಾರೆ.

ಈಗ ಹಾಳೆಗೆ ಅಡ್ಡವಾಗಿ ಎರಡು ಗೆರೆ ಎಳೆಯಿರಿ. ಒಂದು 1949ಕ್ಕೆ, ಇನ್ನೊಂದು 1956ರ ಜೂನ್ 17ಕ್ಕೆ.

1949ಕ್ಕಿಂತ ಮೊದಲು ಅಳಿಯಕಟ್ಟಿನಲ್ಲಿ ಪಾಲು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. 1772ರಲ್ಲಿ ಕಂಪೆನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಎಂದು ಎರಡು ಪೆಟ್ಟಿಗೆ ಮಾಡಿಟ್ಟಿದ್ದ. ನಮ್ಮ ಕಟ್ಟು ಯಾವ ಶಾಸ್ತ್ರದಲ್ಲೂ ಇಲ್ಲ. ಕೋರ್ಟುಗಳು ಅದನ್ನು ರೂಢಿ ಎಂದು ಒಪ್ಪಿದವು. 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ (ಆಗಿನ ಕೊನೆಯ ಮೇಲ್ಮನವಿ ಕೋರ್ಟು) ಮಧುರೆಯ ಕಡೆಯ ಒಂದು ವ್ಯಾಜ್ಯದಲ್ಲಿ, ಸ್ಪಷ್ಟವಾಗಿ ರುಜುವಾತಾದ ರೂಢಿ ಬರೆದ ಶಾಸ್ತ್ರಕ್ಕಿಂತ ಮೇಲು ಎಂದದ್ದು ಇಂಥವರಿಗೆಲ್ಲ ಆಸರೆಯಾಯಿತು. ಆದರೆ ರೂಢಿ ಕೋರ್ಟಿನ ಪುಸ್ತಕಕ್ಕೆ ಬಂದರೆ ಒಣಗಿದ ಸಗಣಿಯ ಹಾಗೆ ಗಟ್ಟಿಯಾಗುತ್ತದೆ. 1863ರಲ್ಲಿ ಮದರಾಸು ಹೈಕೋರ್ಟು, ಕುಟುಂಬದ ಒಬ್ಬರು ಹಟ ಹಿಡಿದು ಪಾಲು ಮಾಡಿಸಲಾಗದು ಎಂದು ಬರೆಯಿತು. ಊರಿನಲ್ಲಿ ಹಿರಿಯರು ಕೂತು ಹೊಂದಿಸಿಕೊಳ್ಳಬಹುದಾಗಿದ್ದದ್ದು 86 ವರ್ಷ ಕಲ್ಲಾಯಿತು. ಅಷ್ಟೂ ಕಾಲ ಕುಟುಂಬದವರು ಮಾಡಿಕೊಂಡದ್ದು ಕರಾರು, ವ್ಯವಸ್ಥಾಪತ್ರ. ಎಲ್ಲರೂ ಒಪ್ಪಿದರೆ ಪಾಲು, ಇಲ್ಲದಿದ್ದರೆ ಅನುಭೋಗಕ್ಕೆ ಮಾತ್ರ ಬೇರೆ ಬೇರೆ ಗದ್ದೆ.

ನಿಮ್ಮ ಮನೆಯಲ್ಲಿ ಜಾರ್ಜ್ ದೊರೆಯ ಮುಖ ಇರುವ ಛಾಪಾಕಾಗದದ ಕರಾರು ಇದ್ದರೆ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಹಾಗೆ ಮಾಡಿಸಿದರೆ ಹಿಂಬದಿಯ ನೋಂದಣಿ ಮೊಹರು ಓದಲು ಕಷ್ಟ. ನಿಧಾನ ಓದಿ. ಅದು ನಿಜಕ್ಕೂ ಪಾಲೋ ಅಲ್ಲವೋ ಎಂದು ನೋಡಲು 1949ರ ಅಳಿಯಸಂತಾನ ಕಾಯ್ದೆಯ 36ನೇ ಕಲಮಿನಲ್ಲೇ ಪರೀಕ್ಷೆ ಉಂಟು. ನೋಂದಣಿ ಆಗಿರಬೇಕು. ಕುಟುಂಬದ ಪ್ರಾಯಪ್ರಬುದ್ಧರೆಲ್ಲರೂ ಸಹಿ ಹಾಕಿರಬೇಕು. ಕುಟುಂಬದ ಇಡೀ ಆಸ್ತಿ ಅದರಲ್ಲಿ ಬಂದಿರಬೇಕು. ಬೇರೆ ಬೇರೆಯಾಗಿ, ಸಂಪೂರ್ಣ ಹಕ್ಕಿನಿಂದ, ಶಾಶ್ವತವಾಗಿ ಅನುಭವಿಸಲು ಕೊಟ್ಟಿರಬೇಕು. ಈ ನಾಲ್ಕೂ ಇದ್ದರೆ ಅದು ಪಾಲು. ಒಂದು ಇಲ್ಲದಿದ್ದರೂ ಜಗಳಕ್ಕೆ ಜಾಗ ಉಂಟು. "ಸಂರಕ್ಷಣೆಯ ಬಗ್ಗೆ" ಎಂಬ ಮಾತು ಕಂಡರೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಅದು ಜೀವನಾಂಶ ಇರಬಹುದು. ಕೊನೆಯ ಪುಟದ ಸಹಿಗಳನ್ನು ನಿಮ್ಮ ಹಾಳೆಯ ಹೆಸರಿನ ಜೊತೆ ಒಂದೊಂದಾಗಿ ತಾಳೆ ನೋಡಿ. ನನ್ನ ಒಂದು ಕೇಸಿನಲ್ಲಿ 1938ರ ಕರಾರಿಗೆ ಒಂಬತ್ತು ಜನರ ರುಜು, ಹೆಬ್ಬೆಟ್ಟು ಇತ್ತು. ಹತ್ತನೆಯವ ಆಗ ಬೊಂಬಾಯಿಯ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ, ಪ್ರಾಯ 20. ಅವನಿಗೆ ಯಾರೂ ಕಾಗದ ಬರೆದಿರಲಿಲ್ಲ. ಅವನ ಒಂದು ಸಹಿ ಇಲ್ಲದ್ದಕ್ಕೆ ಅಷ್ಟು ವರ್ಷದ "ಪಾಲು" ಪಾಲೇ ಅಲ್ಲ ಎಂಬ ವಾದ ನಿಂತಿತು.

1949ರ ಕಾಯ್ದೆ ಪಾಲಿನ ಹಕ್ಕು ಕೊಟ್ಟಿತು, ಆದರೆ ಒಬ್ಬೊಬ್ಬರಿಗಲ್ಲ, ಕವರಿಗೆ. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಸಂತತಿಯ ಮಕ್ಕಳು. ಗಂಡಸಿಗೆ ತಾಯಿಯ ಕವರೇ ಕವರು. ಇದರಲ್ಲಿ ಐವತ್ತು ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಉಳಿದ ಕುಟುಂಬದಲ್ಲಿ ಐವತ್ತರೊಳಗಿನ ಹೆಂಗಸು ಇದ್ದರೆ ನಿಸ್ಸಂತತಿ ಕವರಿಗೆ ಸಿಗುವುದು ಜೀವಮಾನದ ಹಕ್ಕು ಮಾತ್ರ. ನಾನು ಇದನ್ನು ಒಬ್ಬರು ಹಿರಿಯರಿಗೆ ಅವರ ತಾಯಿಯ ಪಾಲುಪಟ್ಟಿಯಿಂದ ಓದಿ ಹೇಳಿದೆ. ಜೊತೆಗೆ ಬಂದಿದ್ದ ತಾಯಿಗೆ ಕಿವಿ ಚುರುಕು. "ನನಗೆ ಎರಡು ಗಂಡು ಉಂಟಲ್ಲ ಮಗಾ, ನನಗೆ ಸಂತತಿ ಇಲ್ಲ ಎಂದು ಬರೆದವ ಯಾರು?" ಎಂದರು. ಕಾನೂನಿನ ಕಣ್ಣಿಗೆ ಗಂಡುಮಕ್ಕಳು ಸಂತತಿಯೇ ಅಲ್ಲದ ಮನೆ ಅದು. ಅವರ ಸಿಟ್ಟಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಚಹಾ ತರಿಸಿದೆ.

ಇನ್ನು 1956ರ ಗೆರೆಯ ಕೆಳಗಿನ ಸಾವುಗಳು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ ಅಳಿಯಸಂತಾನವನ್ನು ಕಿತ್ತು ಹಾಕಲಿಲ್ಲ, 7ನೇ ಮತ್ತು 17ನೇ ಕಲಮಿನಲ್ಲಿ ಅದಕ್ಕೊಂದು ಮೂಲೆ ಮಾಡಿಕೊಟ್ಟಿತು. ಅವಿಭಕ್ತ ಕುಟುಂಬದಲ್ಲಿ ಒಬ್ಬರು ತೀರಿಕೊಂಡರೆ, ಸಾಯುವ ಮುಂಚಿನ ಕ್ಷಣದಲ್ಲಿ ತಲೆಗೊಂದರಂತೆ ಪಾಲಾಗಿತ್ತು ಎಂದು ಭಾವಿಸಿ, ಅವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ, ಇದು ನಮ್ಮದೇ ಮನೆ. 1962ರಲ್ಲಿ ನನ್ನ ಅಮ್ಮನ ಸೋದರಮಾವ ತೀರಿಕೊಂಡರು. ಯಜಮಾನಿಕೆ ಅವರದೇ. ಆಗ ಕುಟುಂಬದಲ್ಲಿ ಅವರ ತಾಯಿ, ಅವರು, ಇಬ್ಬರು ತಂಗಿಯಂದಿರು, ತಂಗಿಯಂದಿರ ನಾಲ್ಕು ಮಕ್ಕಳು. ಒಟ್ಟು 8 ತಲೆ. ಮಾವನ ಪಾಲು 1/8. ಹಳೆಯ ಕ್ರಮದಲ್ಲಾದರೆ ಅದು ಕುಟುಂಬದಲ್ಲೇ ಕರಗಿಹೋಗುತ್ತಿತ್ತು. 1956ರ ನಂತರ ಅದು ಅವರ ಹೆಂಡತಿ, ಮಗ, ಮಗಳು, ತಾಯಿ ಈ ನಾಲ್ವರಿಗೆ ಸಮವಾಗಿ, ತಲಾ 1/32. ಆ ಮಕ್ಕಳಿಗೆ ಅವರ ತಾಯಿಯ ಕುಟುಂಬದಲ್ಲಿ ಹುಟ್ಟಿನಿಂದಲೇ ಹಕ್ಕು ಇತ್ತು, ಈಗ ತಂದೆಯ ಕಡೆಯದೂ ಬಂತು. ನಮ್ಮಲ್ಲಿ ಹಲವು ಕುಟುಂಬದ ಮನೆಗಳು ಮಾತು ಬಿಟ್ಟದ್ದು ಇಲ್ಲಿ. "ಅತ್ತೆ ನಮ್ಮ ಬಳಿಯವರೇ ಅಲ್ಲ, ಅವರಿಗೆಂತ ಪಾಲು?" ಎಂದು ನಮ್ಮಮ್ಮನೇ ಕೇಳಿದ್ದು ನನಗೆ ನೆನಪುಂಟು.

ಹೆಂಗಸು ತೀರಿಕೊಂಡರೆ ಸಾಲೇ ಬೇರೆ. ಉಳಿದ ಹಿಂದೂಗಳಲ್ಲಿ ಗಂಡ, ಮಕ್ಕಳು ಒಟ್ಟಿಗೆ ಮೊದಲ ಸಾಲಿನಲ್ಲಿ. ಅಳಿಯಕಟ್ಟಿನಲ್ಲಿ ಮೊದಲ ಸಾಲು ಮಕ್ಕಳು ಮತ್ತು ತಾಯಿ. ಮೊದಲೇ ತೀರಿದ ಮಗ ಅಥವಾ ಮಗಳ ಮಕ್ಕಳೂ ಅದರಲ್ಲೇ ಬರುತ್ತಾರೆ. ಗಂಡ ಎರಡನೇ ಸಾಲಿನಲ್ಲಿ, ಅವಳ ತಂದೆಯ ಪಕ್ಕದಲ್ಲಿ. ಮೊದಲ ಸಾಲಿನಲ್ಲಿ ಒಬ್ಬರಿದ್ದರೂ ಗಂಡನಿಗೆ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಂದೇ ನಮೂನೆ ಹೊಡೆಯುವ ಬರಹಗಾರರು ಗಂಡನನ್ನು ಮೊದಲ ವಾರಸುದಾರ ಎಂದು ಹಾಕುವುದು, ಕುಟುಂಬದ ಆಸ್ತಿಗೆ "ಪಿತ್ರಾರ್ಜಿತ" ಎಂದು ಟೈಪು ಮಾಡುವುದು ಈಗ ವಾರಕ್ಕೊಂದು ಕಾಣುತ್ತದೆ. ಅಜ್ಜಿಯಿಂದ ಬಂದ ಜಾಗ ಪಿತ್ರಾರ್ಜಿತ ಹೇಗಾಗುತ್ತದೆ? ನೋಂದಣಿಗೆ ಮುಂಚೆ ಆ ಶಬ್ದ ಹೊಡೆದು ಹಾಕಿಸಿ.

1956ರಿಂದ ಕುಟುಂಬದ ತನ್ನ ಹಿಸ್ಸೆಗೆ ವೀಲುನಾಮೆ (ಉಯಿಲು) ಬರೆಯಬಹುದು, ಅದೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ. ಆದರೆ ಪಾಲು ಮೊದಲೇ ಆಗಿ ನಿಸ್ಸಂತತಿ ಕವರಿಗೆ ಜೀವಮಾನದ ಹಕ್ಕು ಮಾತ್ರ ಬಂದಿತ್ತೋ, ಅಥವಾ ಸಾಯುವಾಗ ಕುಟುಂಬ ಒಟ್ಟಿಗೇ ಇತ್ತೋ ಎಂಬುದರ ಮೇಲೆ ಫಲ ಬೇರೆ. 1970ರ ದಶಕದಲ್ಲಿ ಇದೇ ವಿಷಯದ ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ. ವೀಲುನಾಮೆ ಇದ್ದವರು ಈ ಭಾಗವನ್ನು ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಡಿ.

ಮಕ್ಕಳಕಟ್ಟಿನವರಿಗೆ ನನ್ನ ಮಾತು ಚಿಕ್ಕದು. ಶಿವಳ್ಳಿ, ಹವ್ಯಕ, ಗೌಡ ಸಾರಸ್ವತ ಮನೆಗಳಿಗೆ ಮಿತಾಕ್ಷರ, ಅಂದರೆ ತಂದೆಯ ಕಡೆಯಿಂದ ಸಾಗುವ ಹಿಂದೂ ಶಾಸ್ತ್ರದ ಕ್ರಮ. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು, ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲು ಮಾತ್ರ ಅಲುಗುವುದಿಲ್ಲ. ಪೇಪರಿನಲ್ಲಿ ಈ ಸುದ್ದಿ ಓದಿ ಅಳಿಯಕಟ್ಟಿನ ಹೆಣ್ಣುಮಕ್ಕಳೂ ಓಡಿ ಬರುತ್ತಾರೆ. ಅಕ್ಕ, ಅದು 6ನೇ ಕಲಂ, ನಿಮ್ಮದು 7ನೆಯದು. ನಿಮಗೆ ಅದು ಮೊದಲೇ ಇತ್ತು, ಇಲ್ಲದೇ ಇದ್ದದ್ದು ನಿಮ್ಮ ಅಣ್ಣಂದಿರ ಮಕ್ಕಳಿಗೆ.

ಕ್ರೈಸ್ತರಿಗೆ ಲೆಕ್ಕ ನೇರ: ವೀಲುನಾಮೆ ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಗಂಡು ಹೆಣ್ಣು ಎನ್ನದೆ ಮಕ್ಕಳಿಗೆ ಸಮ. ಬ್ಯಾರಿಗಳಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಮಗನ ಅರ್ಧ ಮಗಳಿಗೆ. 1937ರ ಶರಿಯತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಮದರಾಸು 1949ರಲ್ಲಿ ತಿದ್ದಿ ಒಳಗೆ ತಂದಿತು. ಆಗ ನಾವು ಮದರಾಸಿನಲ್ಲಿದ್ದೆವು ಎಂಬುದು ಇಲ್ಲೂ ಕೆಲಸಕ್ಕೆ ಬರುತ್ತದೆ. ಜಾತಿ, ಮತ ಮೀರಿ ಮದುವೆಯಾದವರಿದ್ದರೆ ಮದುವೆ ಯಾವ ಕಾಯ್ದೆಯಲ್ಲಿ ನೋಂದಣಿಯಾಯಿತು ಎಂದು ಕೇಳಿ. ಹಿಂದೂ ಮತ್ತು ಕ್ರೈಸ್ತರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ ಅವರ ವಾರಸಿಕೆ 1925ರ ಕಾಯ್ದೆಗೆ ಹೋಗುತ್ತದೆ. ಇಬ್ಬರೂ ಹಿಂದೂಗಳಾದರೆ 1976ರ ತಿದ್ದುಪಡಿಯಿಂದ ಹಾಗಿಲ್ಲ.

ಜಾಗದ ಕಾಗದಕ್ಕೆ ಬಂದರೆ ಆರ್‌ಟಿಸಿ ಒಂದನ್ನೇ ಹಿಡಿದು ಬರಬೇಡಿ. ಹಳೆಯ ಅಡಂಗಲ್ (ಮದರಾಸು ಕಾಲದ ಜಮೀನು ದಾಖಲೆ) ತನ್ನಿ, ವರ್ಗ ಜಾಗವೋ (ಸ್ವಂತದ್ದು), ಮೂಲಗೇಣಿಯೋ (ಶಾಶ್ವತ ಗೇಣಿ), ಚಾಲಗೇಣಿಯೋ (ಶಾಶ್ವತವಲ್ಲದ ಗೇಣಿ) ನೋಡಿ. ಚಾಲಗೇಣಿ ಆಗಿದ್ದರೆ 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯಿಂದ ಜಾಗ ಸರಕಾರಕ್ಕೆ ಸೇರಿ, ನಮೂನೆ 7ರ ಅರ್ಜಿಯ ಮೇಲೆ ಟ್ರಿಬ್ಯೂನಲ್ ಒಕ್ಕಲಿಗೆ ಹಕ್ಕು ಕೊಟ್ಟಿರುತ್ತದೆ. ಅರ್ಜಿ ಯಜಮಾನನ ಒಬ್ಬನ ಹೆಸರಲ್ಲಿದ್ದರೂ ಗೇಣಿ ಇಡೀ ಕುಟುಂಬದ್ದಾಗಿತ್ತೇ ಎಂಬುದೇ ಮುಖ್ಯ. ಗೇಣಿ ಅಕ್ಕಿಯ ಮುಡಿ ಲೆಕ್ಕದ ಚೀಟಿ ಇದ್ದರೆ ಬಿಸಾಡಬೇಡಿ. ದೈವದ ಚಾವಡಿ, ಭಂಡಾರ, ನಾಗಬನ ಇವನ್ನು ಲೆಕ್ಕದಿಂದ ಹೊರಗಿಟ್ಟು ಬೇರೆ ಪಟ್ಟಿ ಮಾಡಿ. ಹೆಚ್ಚಿನ ಪಾಲುಪಟ್ಟಿಗಳಲ್ಲಿ ಅವು ಎಲ್ಲರಿಗೂ ಒಟ್ಟಿಗೆ ಬಿಟ್ಟಿರುತ್ತವೆ.

ಕೊನೆಯ ಕೆಲಸಕ್ಕೆ ಕಾಗದ ಬೇಡ. ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಮಧ್ಯಾಹ್ನ ಊಟದ ಮೇಲೆ ಕೂತುಕೊಳ್ಳಿ. ಮೊಬೈಲು ಹೊರಗೆ ತೆಗೆಯಬೇಡಿ, ರೆಕಾರ್ಡು ಎಂದರೆ ಬಾಯಿ ಮುಚ್ಚುತ್ತಾರೆ. ಇಸವಿ ಕೇಳಬೇಡಿ. ಮಾರಿಬೊಳ್ಳಕ್ಕೆ, ಅಂದರೆ ಆ ದೊಡ್ಡ ನೆರೆಗೆ, ಮೊದಲೋ ಆಮೇಲೋ ಎಂದು ಕೇಳಿ, ಅದು 1923. ಮಳೆಗಾಲದ ಆಟಿ ತಿಂಗಳೋ, ಕೊಯ್ಲೋ, ಯಾರ ಮದುವೆಯ ವರ್ಷ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯ, ಒಂದೊಂದು ಸಾವಿನ ದಿನವೂ ಮನೆಯಲ್ಲಿ ಯಾರೆಲ್ಲ ಇದ್ದರು, ತೊಟ್ಟಿಲಲ್ಲಿ ಯಾರು, ಎಂದು ಕೇಳಿ. ತಲೆಗೊಂದು ಪಾಲು ಎಂದರೆ ತೊಟ್ಟಿಲಿನ ಶಿಶುವಿನದೂ ತಲೆಯೇ.

ನಮ್ಮ ಮನೆಯ ಲೆಕ್ಕವನ್ನು ನಾನು ವರ್ಷಗಟ್ಟಲೆ 8 ತಲೆಗೆ ಹಾಕಿಟ್ಟಿದ್ದೆ. ಕಳೆದ ಆಟಿಯಲ್ಲಿ ದೊಡ್ಡಮ್ಮನ ಹತ್ತಿರ ಕೂತು ಅಜ್ಜ ಮಾವ, ಅಂದರೆ ಅಮ್ಮನ ಆ ಸೋದರಮಾವ, ತೀರಿದ ದಿನದ ಬಗ್ಗೆ ಕೇಳಿದೆ. ಹಲಸಿನ ಹಪ್ಪಳ ಮುರಿಯುತ್ತಾ ಒಬ್ಬೊಬ್ಬರ ಹೆಸರು ಹೇಳಿದರು. ಎಂಟಕ್ಕೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. "ಮತ್ತೆ ಆ ಕೂಸು," ಎಂದರು. ಯಾವ ಕೂಸು? "ಚಿಕ್ಕಿಯದ್ದು. ಹೆರಿಗೆಯಾಗಿ ಹತ್ತು ದಿನ. ಮಾವ ಹೋದದ್ದರಿಂದ ಸೂತಕ, ಹೆಸರೂ ಇಡಲಿಲ್ಲ. ಮಳೆಗಾಲ ದಾಟಲಿಲ್ಲ ಅದು." ಎಲ್ಲೂ ನೋಂದಣಿಯಾಗದ, ಹೆಸರೇ ಇಲ್ಲದ ಹೆಣ್ಣುಮಗು.

ಮನೆಗೆ ಬಂದು ಹಾಳೆ ಬಿಚ್ಚಿ ಚಿಕ್ಕಿಯ ಕೆಳಗೆ ಒಂದು ಗೆರೆ ಎಳೆದು "ಮಗು" ಎಂದು ಬರೆದೆ. 1/8 ಹೊಡೆದು 1/9, 1/32 ಹೊಡೆದು 1/36. ಅದರ ಕೆಳಗಿನ ಲೆಕ್ಕವೆಲ್ಲ ಮೊದಲಿನಿಂದ.